ತಾಮ್ರದ ತಂತಿ

ಗರಗಸ ಹೊತ್ತು ಒಳಗೆ ಬಂದವಳು ಲೆಂಪಿ.
ಅದರ ಯಜಮಾನ ತೌನೊ ಹೊರಗೆ ಕಾರಿನಲ್ಲೇ
ಎಂಜಿನ್ ಆರಿಸದೆ,
ಗಾಜಿಗೆ ತನ್ನ ಉಸಿರಿನದೇ ಪರದೆ ಎಳೆದುಕೊಂಡು ಕೂತಿದ್ದ.

"ಸುಮ್ಮನೆ ಒಂದು ಸಲ ನೋಡಿ" ಎಂದಳು,
"ವರ್ಷಕ್ಕೊಮ್ಮೆ ನೋಡುತ್ತಾರಲ್ಲ, ಹಾಗೆ."
ಮೈನಸ್ ಹದಿನೆಂಟು. ಕುಹ್ಮೊ ಊರಿನಲ್ಲಿ
ಇದನ್ನು ಚಳಿ ಅನ್ನುವುದಿಲ್ಲ, ಫೆಬ್ರವರಿ ಅನ್ನುತ್ತಾರೆ.

ಮೊದಲು ಪ್ಲಗ್ಗಿನ ವಯರು ಬಿಡಿಸಿಟ್ಟೆ.
ಮಲಗಿದ ನಾಯಿಯ ಬಾಯಿಗೂ
ಕೇಳದೆ ಕೈ ಹಾಕಬಾರದು ಎಂದು ಕಲಿಸಿದವನು
ಆ ಕಾರಿನಲ್ಲಿ ಕೂತವನೇ.
ಆಗ ನನಗೆ ಹದಿನೇಳು, ಮೂಗಿನ ತುಂಬ ಸ್ಪ್ರೂಸ್ ಮರದ ಹೊಟ್ಟು.

ಏರ್ ಫಿಲ್ಟರ್ ತೊಳೆದದ್ದು ಮೊನ್ನೆಮೊನ್ನೆ.
ಹಿಮ ಒಳನುಗ್ಗದಂತೆ, ಬಿಸಿಗಾಳಿ ಕಾರ್ಬ್ಯುರೇಟರಿಗೆ ಹೋಗುವಂತೆ
ಮುಚ್ಚಳವನ್ನು ಚಳಿಗಾಲದ ಕಡೆಗೇ ತಿರುಗಿಸಿದ್ದಾನೆ.
ಬಾರನ್ನು ಬುಡಮೇಲು ಮಾಡಿ ಹಾಕಿದ್ದಾನೆ, ಎರಡಂಚೂ ಸಮ ಸವೆಯಲೆಂದು.
ಅದರ ಗಾಡಿಯಲ್ಲಿ ಒಂದು ಚೂರು ಕೊಳೆಯಿಲ್ಲ.
ಇಷ್ಟರವರೆಗೆ ಇದು ನನಗೆ ಗೊತ್ತಿದ್ದ ತೌನೊನ ಗರಗಸ.

ಆಮೇಲೆ ಸರಪಳಿಯನ್ನು ದೀಪಕ್ಕೆ ಹಿಡಿದೆ.

ಮೂವತ್ತಾರು ಹಲ್ಲು.
ಎಡಕ್ಕೆ ಹದಿನೆಂಟು, ಬಲಕ್ಕೆ ಹದಿನೆಂಟು,
ಎಲ್ಲಕ್ಕೂ ಅರದ ಏಟು ಅಷ್ಟೇ ಬೀಳಬೇಕು,
ಒಂದಕ್ಕೆ ಮುದ್ದು, ಒಂದಕ್ಕೆ ಗುದ್ದು ಕೂಡದು ಅನ್ನುತ್ತಿದ್ದ.
ಈಗ ನೋಡಿದರೆ ಒಂದು ಹಲ್ಲು ಬಾಗಿಲ ಕಡೆ ಮುಖ ಮಾಡಿದೆ,
ಪಕ್ಕದ್ದು ಛಾವಣಿ ನೋಡುತ್ತಿದೆ,
ಮೂರನೆಯದನ್ನು ಅರ ಎರಡು ಸಲ ಜಾರಿ ಗೀರಿದೆ.
ಕೆಳಗೆ, ತುಂಡಾದ ಸರಪಳಿಯನ್ನು ತಡೆಯಲೆಂದೇ ಇರುವ
ಹೆಬ್ಬೆರಳ ತುದಿಯಷ್ಟು ಅಲ್ಯೂಮಿನಿಯಂ ತುಂಡಿನಲ್ಲಿ
ಆಳವಾದ ಒಂದು ಕಚ್ಚು. ಹೊಸದು.
ಒಂದು ದಿನ ಸರಪಳಿ ಹಾರಿದೆ.
ಅವನ ಬಲಗೈಗೆ ಬರಬೇಕಾದದ್ದನ್ನು ಈ ತುಂಡು ತಿಂದಿದೆ.
ಮನೆಯಲ್ಲಿ ಯಾರಿಗೂ ಹೇಳಿಲ್ಲ ಅವನು.

ಮುಂದಿನ ಕೈಕಾಪಿಗೆ ಬಂದೆ, ಬ್ರೇಕ್ ನೋಡೋಣವೆಂದು.
ಅದು ಅಲುಗಲಿಲ್ಲ.
ತಾಮ್ರದ ತಂತಿಯಿಂದ ಅದನ್ನು ಹಿಡಿಕೆಗೆ
ಮೂರು ಸುತ್ತು ಕಟ್ಟಿದ್ದ. ತುದಿ ಚುಚ್ಚದ ಹಾಗೆ ಮಡಚಿದ್ದ.

ಇಡೀ ಯಂತ್ರದಲ್ಲಿ ಅಷ್ಟು ಒಪ್ಪವಾದ ಕೆಲಸ ಇನ್ನೊಂದಿರಲಿಲ್ಲ.
ಎಷ್ಟು ಹೊತ್ತು ಹಿಡಿದಿತ್ತೋ, ಆ ಕೈಗಳಿಗೆ.

ಲೆಂಪಿ ತನ್ನ ಕೈಗವಸನ್ನೇ ನೋಡುತ್ತಿದ್ದಳು.
"ಕಾಫಿ ಲೋಟ ಈಗ ಅರ್ಧವೇ ತುಂಬಿಸುತ್ತೇನೆ" ಎಂದಳು.
ನಾನು ಕೇಳಿರಲಿಲ್ಲ.

ತಂತಿ ಕತ್ತರಿಸಿ ಜೇಬಿಗೆ ಹಾಕಿಕೊಂಡೆ.
ಹೊಸ ಸರಪಳಿ, ಹೊಸ ತಡೆತುಂಡು.
ಹೊರಗೆ ಒಯ್ದು ಸ್ಟಾರ್ಟ್ ಮಾಡಿ, ಪೂರ್ತಿ ವೇಗದಲ್ಲಿ
ಮಣಿಕಟ್ಟಿನಿಂದ ಕಾಪನ್ನು ಮುಂದಕ್ಕೆ ತಳ್ಳಿದೆ.
ಟಕ್. ಸರಪಳಿ ನಿಂತಿತು.

ಕಾರಿನ ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು.
"ಅದು ತಾನಾಗೇ ಬೀಳುತ್ತದೆ" ಎಂದ ತೌನೊ, ಎದುರಿನ ಗೋಡೆಗೆ.
"ಮರಕ್ಕೆ ಹತ್ತು ಸಲ. ಕೆಲಸ ಸಾಗೋಲ್ಲ."
ಅದರ ಕೆಲಸವೇ ಬೀಳುವುದು ಎಂದೆ.
ಅದಕ್ಕಿಂತ ಒಳ್ಳೆಯ ಮಾತು ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ.

ಎಣ್ಣೆ ಪರೀಕ್ಷೆಯೊಂದು ಬಾಕಿ ಇತ್ತು.
ಬಾರಿನ ಮೂಗನ್ನು ಹಿಮದ ಮೇಲೆ ಗೇಣಷ್ಟು ಎತ್ತರಕ್ಕೆ ಹಿಡಿದು
ಅವನ ಕಿಟಕಿಯ ಕೆಳಗೇ ವೇಗ ಏರಿಸಿದೆ.
ಬಿಳಿಯ ಮೇಲೆ ಸಣ್ಣ ಕಪ್ಪು ಗೆರೆ ಬಿತ್ತು,
ನೇರ, ಎಲ್ಲೂ ಕಡಿಯದೆ.
ಅದನ್ನು ಅವನು ನೋಡಿದ. ಬಹಳ ಹೊತ್ತು ನೋಡಿದ.

ಆಮೇಲೆ ಕಾರಿನ ಎಂಜಿನ್ ಆರಿತು.

ಲೆಂಪಿ ಬಂದು ನನ್ನ ಕೈಯಿಂದ ಗರಗಸ ತೆಗೆದುಕೊಂಡಳು.
ಅದರ ತೂಕಕ್ಕೆ ಸೊಂಟ ಸರಿಮಾಡಿಕೊಂಡಳು,
ಎಡಗೈಯನ್ನು ಮುಂದಿನ ಹಿಡಿಕೆಯ ಮೇಲೆ
ಹಕ್ಕಿ ಕೂತ ಹಾಗೆ ಇಟ್ಟಳು.

"ಹೆಬ್ಬೆರಳು ಕೆಳಗೆ," ಒಳಗಿನಿಂದ ದನಿ ಬಂತು,
"ಸುತ್ತಿ ಹಿಡಿ ಮಾರಾಯ್ತಿ, ಸುತ್ತಿ ಹಿಡಿ."