ಕೊಸರು

ಬೆಳಗಿನ ನಮಾಜಿಗೂ ಮುಂಚೆ ಬೋಣಿಯಾಯಿತು ಇವತ್ತು.
ಮೈದುಗುರಿಯ ಯಾರೋ ಯಾಗಾನಾ
ರೀಚಾರ್ಜ್ ಕಾರ್ಡು ಕೆರೆದು, ಹದಿನಾರು ಅಂಕಿಗಳನ್ನು
ನಾಕು ನಾಕರ ಗುಂಪು ಮಾಡಿ ಕಳಿಸಿದ್ದಾಳೆ.
'ಬ್ಯಾಂಕು ಗಂಡನ ಹೆಸರಲ್ಲಿದೆ ಅಕ್ಕಾ,
ಓದೋದು ಮಾತ್ರ ನನ್ನ ಹೆಸರಲ್ಲಿ.'
ಅಂಕಿ ಒತ್ತಿದೆ. ಮುನ್ನೂರು ನೈರಾ ಬಿತ್ತು ಫೋನಿನ ಹೊಟ್ಟೆಗೆ.
ಪುಸ್ತಕ ಹೊರಟಿತು, ಕಾನೋದ ನನ್ನ ಅಡುಗೆಮನೆಯಿಂದ,
ತೂಕವಿಲ್ಲದೆ, ಕಟ್ಟಲು ದಾರವೂ ಬೇಡದೆ.
ಮರುಗಳಿಗೆಯೇ ಕೇಳಿದಳು:
'ಕೊಸರು?'

ನಮ್ಮಮ್ಮ ಕುರ್ಮಿ ಸಂತೆಯಲ್ಲಿ ಕಡಲೆಕಾಯಿ ಅಳೆಯುತ್ತಿದ್ದಳು.
ತಗಡಿನ ಬೋಗುಣಿ ತುಂಬಿ, ಮೇಲೆ ಗೋಪುರ ಕಟ್ಟಿ,
ಗೋಪುರ ಜರಿಯುವ ತನಕ ಸುರಿದು,
ಆಮೇಲೆ ಇನ್ನೊಂದು ಹಿಡಿ.
ಅಳತೆ ದೇವರದ್ದು, ಕೊಸರು ನಂದು, ಅನ್ನುತ್ತಿದ್ದಳು.
ಆ ಒಂದು ಹಿಡಿಗಾಗಿ ಜನ
ಮೂರು ಅಂಗಡಿ ದಾಟಿ ಬರುತ್ತಿದ್ದರು.

ನಾನೋ ಅಕ್ಷರ ಮಾರುವವಳು. ಫೈಲಿಗೆ ಗೋಪುರ ಕಟ್ಟುವುದು ಹೇಗೆ?
ಕಟ್ಸಿನಾದವಳಿಗೂ ನಿಯಾಮೆಯವಳಿಗೂ ಅದೇ ಇನ್ನೂರಹನ್ನೆರಡು ಪುಟ,
ಒಂದು ಚುಕ್ಕೆ ಹೆಚ್ಚಿಲ್ಲ.
ಎಷ್ಟು ಸುರಿದರೂ ನನ್ನ ಬೋಗುಣಿ ತುಂಬಿಯೇ ಇರುತ್ತದೆ;
ಅಮ್ಮ ಇದ್ದಿದ್ದರೆ ಹೆದರಿ, ಏನಾದರೂ ಓದಿ ಊದುತ್ತಿದ್ದಳು.

ಮೊದಲ ಐದು ಅಧ್ಯಾಯ ಪುಕ್ಕಟೆ.
ಐದನೆಯದರ ಕೊನೆಯಲ್ಲಿ ಎರಡನೇ ಹೆಂಡತಿ
ಹಾಲಿನ ಕುಡಿಕೆಗೆ ಏನೋ ಬೆರೆಸುತ್ತಿರುವಾಗ
ನಿಲ್ಲಿಸಿಬಿಡುತ್ತೇನೆ. ಮುಂದಿನದಕ್ಕೆ ಮುನ್ನೂರು.
ರಾತ್ರಿಯಿಡೀ ಬೈಗುಳ ಬರುತ್ತದೆ, ಬೆಳಿಗ್ಗೆ ದುಡ್ಡು.
ಒಬ್ಬಳು ಬರೀ ಅಳುವನ್ನು ರೆಕಾರ್ಡು ಮಾಡಿ ಕಳಿಸಿದಳು.
ಇನ್ನೊಬ್ಬಳು,
ಐನೂರು ಕೊಡುತ್ತೇನೆ, ಆ ಹಾಲು ಚೆಲ್ಲಿಬಿಡು, ಎಂದಳು.
ಸುಳ್ಳೇಕೆ, ಒಂದು ಗಳಿಗೆ ಯೋಚಿಸಿದೆ.
ಜನರೇಟರಿಗೆ ಪೆಟ್ರೋಲು ಬೇಕಿತ್ತು.

ಹೋದ ತಿಂಗಳು ನನ್ನ ಪುಸ್ತಕ ನನಗೇ ಮಾರಾಟಕ್ಕೆ ಬಂತು.
ಗೊತ್ತಿಲ್ಲದ ನಂಬರು. ನೂರು ನೈರಾ.
ಮುಖಪುಟದಲ್ಲಿ 'ಹನ್ಸಾತು' ಎಂದಿದ್ದ ಕಡೆ ಒಂದು ಗುಲಾಬಿ ಹೂ.
ಕುತ್ತಿಗೆ ಹಿಡಿಯೋಣವೆಂದರೆ ಹಿಡಿಯಲು ಕುತ್ತಿಗೆಯಿಲ್ಲ.
ಚೌಕಾಸಿಗೆ ಇಳಿದೆ. ಎಪ್ಪತ್ತಕ್ಕೆ ಕೊಡು, ಅಂದೆ.
ಕೊಸರೇನು, ಅಂದೆ.
ಥಟ್ಟನೆ ರಕಿಯಾಳ ಎರಡು ಕಾದಂಬರಿ, ಲಾಮಿಯದೊಂದು,
ಗೆಳತಿಯರು ಮೂರು ವರ್ಷ ಕಳೆದುಕೊಂಡ ನಿದ್ದೆಯನ್ನೆಲ್ಲ
ಮೇಲೆ ಸುರಿದ.
ಧಾರಾಳಿ! ಅಮ್ಮನಿಗಿಂತ ಧಾರಾಳಿ,
ಯಾರದೋ ಹೊಲದ ಕಡಲೆಕಾಯಿ.

ಎಪ್ಪತ್ತು ಕೊಟ್ಟೆ. ಯಾಕೆ ಕೊಟ್ಟೆನೋ.
ಕಳ್ಳಪ್ರತಿ ತೆರೆದು, ಬರೆದವಳು ಬೇರೆ ಎಂಬಂತೆ ಓದಿದೆ.
ಪರವಾಗಿಲ್ಲ ಹೆಂಗಸು. ಒಂಬತ್ತನೆಯದರಲ್ಲಿ ತುಸು ಎಳೆದಿದ್ದಾಳೆ.

ಯಾಗಾನಾಳಿಗೆ ಏನು ಕೊಡಲಿ?
ಹೊಡೆದುಹಾಕಿದ್ದ ನಾಕು ಪುಟ ಇದ್ದವು:
ಅತ್ತೆ ಒಬ್ಬಳೇ ಕೂತು ಕಾಲಿಗೆ ಗೋರಂಟಿ ಹಚ್ಚಿಕೊಳ್ಳುವುದು,
ಹಚ್ಚಿ, ಒಣಗುವ ತನಕ ಯಾರಿಗೂ ಬಾಗಿಲು ತೆಗೆಯದಿರುವುದು.
ಕತೆಗೆ ಬೇಡವಾಗಿತ್ತು. ಕಳಿಸಿದೆ.
ಸಂಜೆಗೆ ಉತ್ತರ:

'ಅಕ್ಕಾ, ಗೋರಂಟಿ ಓದಿ ನನ್ನ ಕಾಲು ನೋಡಿಕೊಂಡೆ.
ಅದಿರಲಿ. ಮೂರನೇ ಅಧ್ಯಾಯದಲ್ಲಿ
ಮದುವಣಗಿತ್ತಿ ತಂದ ಬೋಗುಣಿ ಹನ್ನೊಂದು,
ಏಳರಲ್ಲಿ ಎಣಿಸಿದರೆ ಹದಿಮೂರು.
ಎರಡು ಎಲ್ಲಿಂದ ಬಂದವು? ತಂದವರು ಯಾರು?
ಅದನ್ನು ಬರೆದರೆ, ಅದಕ್ಕೂ ಕಾರ್ಡು ಕೆರೆಯುತ್ತೇನೆ.'

ನಮ್ಮ ಮಾತಿನಲ್ಲಿ ಕೊಸರಿಗೆ ಗ್ಯಾರಾ ಅನ್ನುತ್ತೇವೆ.
ತಪ್ಪು ತಿದ್ದುವುದಕ್ಕೂ, ಮುರಿದದ್ದು ಸರಿಮಾಡುವುದಕ್ಕೂ
ಅದೇ ಪದ. ನಲವತ್ಮೂರು ವರ್ಷ
ಎರಡನ್ನೂ ಆಡಿಕೊಂಡು ಬಂದೆ, ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಕರೆಂಟು ಹೋಯಿತು. ಫೋನಿನಲ್ಲಿ ಹತ್ತೊಂಬತ್ತು ಪರ್ಸೆಂಟು.
ಹನ್ನೊಂದನ್ನು ಹದಿಮೂರು ಮಾಡಿದರೆ ಮುಗಿಯಿತು,
ಒಂದು ನಿಮಿಷದ ಕೆಲಸ.
ಮಾಡಲಿಲ್ಲ.
ಓಣಿಯ ಕೊನೆಯಲ್ಲಿ ಯಾರೋ ಬರುತ್ತಿದ್ದಾರೆ,
ತಲೆಯ ಮೇಲೆ ಒಂದರೊಳಗೊಂದು ಎರಡು ಬೋಗುಣಿ,
ಮೇಲೆ ಬಟ್ಟೆ ಮುಚ್ಚಿದೆ.
ಮುಖ ಇನ್ನೂ ಕಾಣುತ್ತಿಲ್ಲ.
ಬೆಲೆ ಆಮೇಲೆ ಹೇಳೋಣ.