ಹುಳಿ ಬಂದ ನೆತ್ತರು

ಕಾಸರಗೋಡು ಕೋರ್ಟಿನಲ್ಲಿ ನಾನು ದುಭಾಷಿ.
ಕಿವಿಯಲ್ಲಿ ಮಲಯಾಳ, ಬಾಯಲ್ಲಿ ಕನ್ನಡ.
ನಡುವೆ ಯಾರಾದರೂ ತುಳುವಿನಲ್ಲಿ ಬೈದರೆ
ನುಂಗಿಬಿಡುವುದು, ಅದೂ ಸಂಬಳದಲ್ಲೇ ಸೇರಿದೆ.

ಇವತ್ತಿನ ಆರೋಪಿ ಅಂಬು ಬೆಳ್ಚಪ್ಪಾಡ,
ಬಂದ್ಯೋಡಿನವ, ಮೀನಿನ ಟೆಂಪೋ ಓಡಿಸುವವ.
ಶಿರಿಯ ಸೇತುವೆ ದಾಟಿದ್ದೇ ರಾತ್ರಿ ಒಂದೂಕಾಲಿಗೆ
ಒಂದು ಸ್ಕೂಟರಿಗೆ ತಾಗಿಸಿದ್ದಾನೆ.
'ಊತ್' ಎಂದರು ಪೊಲೀಸರು.
ಅದಕ್ಕೆ ನಾನು ಬೇಕಿರಲಿಲ್ಲ, ಊದಿದ.
ಸಾಲದು ಎಂದರು, ಇನ್ನೊಮ್ಮೆ ಊದಿದ.
ಮೂರನೆಯ ಸಲಕ್ಕೆ ಯಂತ್ರ
ನೂರ ಹನ್ನೆರಡು ಎಂದಿತು. ಕಾನೂನಿಗೆ ಮೂವತ್ತು ಸಾಕು.

ಜುಲೇಖಾ ವಕೀಲೆ ಕನ್ನಡಕ ಹಣೆಗೇರಿಸಿ ಎದ್ದರು:
ಆ ರಾತ್ರಿ ಆ ಕೊಳವೆಗೆ ಎಷ್ಟು ಬಾಯಿ ತಾಗಿತ್ತು?
ಬದಲಾಯಿಸಿದ್ದಿರಾ?
'ಓರ್ಮಯಿಲ್ಲ' ಎಂದ ಪೊಲೀಸು ಬಿಜೇಶ.
'ನೆನಪಿಲ್ಲ' ಎಂದೆ ನಾನು, ಅಂಬುವಿಗೆ.
ಯಂತ್ರವನ್ನು ಪರೀಕ್ಷಿಸಿದ ಚೀಟಿ?
ಇತ್ತು, ಹೊಟ್ಟೆಗೆ ಅಂಟಿಕೊಂಡೇ ಇತ್ತು.
ತಾರೀಕು ಮಾತ್ರ ದೋಣಿ ಇಳಿಯದ ಆಟಿ ತಿಂಗಳಿನದು,
ಅದೂ ಹೋದ ವರ್ಷದ ಆಟಿ.

ಆಮೇಲೆ ನೆತ್ತರಿನ ಸರದಿ.
ಕುಂಬಳೆ ಆಸ್ಪತ್ರೆಯಲ್ಲಿ ಸ್ಪಿರಿಟ್ಟಿನಿಂದ ತೋಳು ಒರೆಸಿ
ಅದೇ ಒದ್ದೆಯಲ್ಲಿ ಸೂಜಿ ಚುಚ್ಚಿದ್ದರು.
ಕಲ್ಲಿಕೋಟೆಗೆ ಹೋಗುವ ಮೊದಲು ಸೀಸೆ
ಆರು ದಿನ ಠಾಣೆಯ ಕಪಾಟಿನಲ್ಲಿ ಕೂತಿತ್ತು.
ಮೇ ತಿಂಗಳು.
ಫ್ರಿಜ್ಜು?
ಇದೆ.
ಕರೆಂಟು?
ಬರುತ್ತದೆ, ಹೋಗುತ್ತದೆ.

ಹೇಳುವುದೇನಾದರೂ ಉಂಟೇ, ಕೇಳಿದರು ಮ್ಯಾಜಿಸ್ಟ್ರೇಟು.
ಅಂಬು ನನ್ನ ಮುಖ ನೋಡಿಕೊಂಡೇ ಹೇಳಿದ:
'ಅಪ್ಪ ತೆಂಗು ಹತ್ತುತ್ತಿದ್ದ, ಸ್ವಾಮಿ.
ಬೆಳಿಗ್ಗೆ ಇಳಿಸಿದ್ದನ್ನು ಮಕ್ಕಳೂ ಕುಡಿಯಬಹುದು,
ಮಧ್ಯಾಹ್ನಕ್ಕೆ ಅದೇ ಮಡಕೆ ನೊರೆ ಕಾರುತ್ತದೆ.
ಯಾರೂ ಏನೂ ಬೆರೆಸಿರುವುದಿಲ್ಲ.
ಹುಳಿಯಾಗಲು ಹೊತ್ತು ಸಾಕು.
ಸುಣ್ಣ ಬಳಿದ ಮಡಕೆಯದ್ದು ಮಾತ್ರ ಸಿಹಿಯಾಗಿ ಉಳಿಯುತ್ತದೆ.
ನನ್ನ ಸೀಸೆಗೆ ಯಾರಾದರೂ ಸುಣ್ಣ ಬಳಿದಿದ್ದರಾ?'

'ಚುಣ್ಣಾಂಬು' ಎಂದೆ, ತಡವರಿಸಿ.
ಮ್ಯಾಜಿಸ್ಟ್ರೇಟರ ಪೆನ್ನು ನಿಂತಿತು.
ಅವರ ಊರು ಆಲಪ್ಪುಳ, ಅಲ್ಲಿಯೂ ತೆಂಗು ಉಂಟು.
ಜುಲೇಖಾ ಕಾಗದ ತಿರುವಿದರು: ಸೀಸೆಗೆ ಹಾಕಬೇಕಾದ ಪುಡಿ
ಹಾಕಿದ್ದಾಗಿ ಒಂದು ಸಾಲೂ ಎಲ್ಲೂ ಬರೆದಿರಲಿಲ್ಲ.

ಹದಿನಾಲ್ಕು ದಿನ ಬಿಟ್ಟು ತೀರ್ಪು.
'ಸಂಶಯದ ಲಾಭ' ಎಂದು ಕನ್ನಡಕ್ಕೆ ತಂದೆ.
ಇಪ್ಪತ್ತು ವರ್ಷದಿಂದ ಹಾಗೆಯೇ ತರುತ್ತಿದ್ದೇನೆ.

ಹಿಂದಿನ ಬೆಂಚಿನಲ್ಲಿ ಸ್ಕೂಟರಿನ ವಾರಿಜಾ.
ಉಪ್ಪಳದ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬರುತ್ತಿದ್ದವಳು,
ಈಗ ಕಣಕಾಲಿನಲ್ಲಿ ಮೂರು ಸ್ಕ್ರೂ.
'ಅವ ಕುಡಿದಿರಲಿಲ್ಲ ಅಂತಲಾ?'
'ಹಾಗಲ್ಲ.'
'ಕುಡಿದಿದ್ದ ಅಂತಲಾ?'
'ಹಾಗೂ ಅಲ್ಲ.'
'ಮತ್ತೆ ಲಾಭ ಅಂದಿರಲ್ಲ?'
ತಾಗಿಸಿದ ಕೇಸು ಬೇರೆ ಉಂಟು ಎಂದೆ,
ಅದರ ತಾರೀಕು ಬೇರೆ ಎಂದೆ.
ಊರುಗೋಲಿನ ರಬ್ಬರು ಸವೆದಿತ್ತು,
ಎದ್ದು ಹೋಗುವಾಗ ನೆಲ ಕೀರಿತು.

ಹೊರಗೆ ವಿದ್ಯಾನಗರದ ಬಿಸಿಲು.
ನನ್ನಾರಿ ಸರ್ಬತ್ತಿನ ಗಾಡಿಯ ಬಳಿ ಅಂಬು ಹತ್ತಿರ ಬಂದ,
ಕೈ ಮುಗಿದ, ಮುಖದ ಹತ್ತಿರವೇ ಮಾತಾಡಿದ.
ನಾನು ಉಸಿರು ಬಿಗಿಹಿಡಿದೆ.
ವಾಸನೆ ಇದ್ದರೂ ನನಗೆ ಬೇಡ,
ಇಲ್ಲದಿದ್ದರೂ ಬೇಡ.
ಅಂದಿನ ರಾತ್ರಿಗೆ ಇಂದಿನ ಮೂಗು ಸಾಕ್ಷಿಯಲ್ಲ,
ಮತ್ತೆ ನನ್ನ ಮೂಗಿಗೆ ಚೀಟಿ ಅಂಟಿಸಿದವರೂ ಇಲ್ಲ.

'ಆ ಹೆಂಗಸಿಗೆ ಒಂದು ಮಾತು ಹೇಳಬೇಕಿತ್ತು,
ನೀವು ಹೇಳ್ತೀರಾ?' ಎಂದ.

ಅವನದೂ ಕನ್ನಡ, ಅವಳದೂ ಕನ್ನಡ.
ಇಪ್ಪತ್ತು ಹೆಜ್ಜೆ ದೂರದಲ್ಲಿ
ಬಸ್ಸಿನ ತಂಗುದಾಣದ ಕಂಬಕ್ಕೆ ಊರುಗೋಲು ಒರಗಿಸಿ
ಅವಳು ಈ ಕಡೆಗೇ ನೋಡುತ್ತಿದ್ದಳು.
'ಏನು ಹೇಳಲಿ?' ಎಂದು ಕೇಳಿದೆ.
ಅವನು ಬಾಯಿ ತೆರೆದ,
ಊದುವವನ ಹಾಗೆ ಕೆನ್ನೆ ತುಂಬಿಕೊಂಡು ನಿಂತ.
ಕುಂಬಳೆಯ ಬಸ್ಸು ಬಂತು.