ಹದಿನಾಲ್ಕನೆಯ ಪಾಠದ ಉಳಿದರ್ಧ

ಪೋಸ್ಟರಿನಲ್ಲಿ ಫೋಟೋ ಬೇಡ, ದೇಶದ ಹೆಸರೂ ಬೇಡ ಅಂದಿದ್ದರು.
ಹಾಗಾಗಿ ಬರೀ ಜುಮಾಗುಲ್, ಅದೂ ಅರ್ಧ ಹೆಸರು,
ಸಂಜೆ ಆರು, ಮೂರನೆಯ ಮಹಡಿ.
ಟ್ರೋಮ್ಸೊದಲ್ಲಿ ಜನವರಿಯ ಸಂಜೆ ಆರಕ್ಕೂ
ಬೆಳಗಿನ ಆರಕ್ಕೂ ಒಂದೇ ಬಣ್ಣ.
ನಾನು ಈ ಕಟ್ಟಡದ ಬೀಗದ ಕೈಯವನು.
ಕುರ್ಚಿ ಹಾಕುವುದು, ಮೈಕು ನೋಡುವುದು,
ಎಲ್ಲರೂ ಹೋದ ಮೇಲೆ ದೀಪ ಆರಿಸುವುದು ನನ್ನ ಪಾಲು.

ಮೊದಲು ದೊಡ್ಡ ಸಭಾಂಗಣವೇ ಗೊತ್ತಾಗಿತ್ತು.
ಸೋಮವಾರ ಮೇಲಿನವರ ಪತ್ರ ಬಂತು:
ಆ ದೇಶದ ಅನಿಲ ಕಂಪನಿಯ ಜೊತೆಗಿನ ಒಪ್ಪಂದದ
ಶಾಯಿ ಇನ್ನೂ ಹಸಿ,
ಸಣ್ಣ ಕೋಣೆ ಸಾಲದೇ?
ಸೊಲ್‌ಫ್ರಿದ್ ಅದನ್ನು ನನಗೆ ಓದಿ ಹೇಳಿದಳು.
'ಇಲ್ಲಿ ಯಾರೂ ಯಾರ ಬಾಯಿಯನ್ನೂ ಮುಚ್ಚುವುದಿಲ್ಲ,
ಕೋಣೆಯನ್ನಷ್ಟೇ ಚಿಕ್ಕದು ಮಾಡುತ್ತಾರೆ.'

ನಲವತ್ತು ಕುರ್ಚಿ. ಬಂದವರು ಐವತ್ತಾರು.
ಕಿಟಕಿಯ ಕಟ್ಟೆಯ ಮೇಲೆ ಹೆಲ್ಮೆಟ್ಟು, ಒದ್ದೆ ಕೈಚೀಲ, ಹುಡುಗರು.
ಎಲ್ಲರ ಮುಖದಲ್ಲೂ ಸಾವಿನ ಮನೆಗೆ ಬಂದವರ ಸಂಕೋಚ,
ಒಳಗೊಳಗೇ ಕಥೆಯ ಹಸಿವು:
ಹೊಡೆದರೇ? ಗಡಿ ಹೇಗೆ ದಾಟಿದಿರಿ? ಯಾರು ಹಿಡಿದುಕೊಟ್ಟರು?
ಯಾರೋ ಕಾಗದದ ಕರವಸ್ತ್ರದ ಡಬ್ಬಿ ಕೂಡ ತಂದಿಟ್ಟಿದ್ದರು.

ಬಂದಳು. ಗಿಡ್ಡ ಹೆಂಗಸು, ಮೈಮೇಲೆ ಸೊಲ್‌ಫ್ರಿದ್‌ಳ ದೊಗಲೆ ಕೋಟು.
ಮೈಕು ಬೇಡ ಅಂದಳು.
ಬಾಗಿಲು ಕಾಣುವ ಹಾಗೆ ಮೇಜು ತಿರುಗಿಸಿಕೊಂಡಳು.
ಪರದೆಯ ಹಿಂದೆ ವರ್ಷಗಳಿಂದ ಯಾರೂ ಮುಟ್ಟದ ಬೋರ್ಡು,
ಅದನ್ನು ತಟ್ಟಿ, ಸೀಮೆಸುಣ್ಣ ಇದೆಯೇ ಅಂತ ಕೇಳಿದಳು.
ಉಗ್ರಾಣವೆಲ್ಲ ಕೆದಕಿ ತಂದೆ. ಎರಡೂವರೆ ತುಂಡು.

ಮೂಲೆಯಲ್ಲಿ ಬರೆದಳು: ಪಾಠ ಹದಿನಾಲ್ಕು.
'ಹೋದ ತರಗತಿಯಲ್ಲಿ ಇಲ್ಲಿಗೆ ನಿಲ್ಲಿಸಿದ್ದೆವು.
ಬಾಗಿಲು ಬಡಿದರು. ನನ್ನ ವಾಕ್ಯ ಮುಗಿದಿರಲಿಲ್ಲ.'
ಹೋದ ತರಗತಿ ಅಂದರೆ
ಆರು ವರ್ಷದ ಹಿಂದೆ.

ಆಮೇಲೆ ಒಂದು ಗಂಟೆ ಬರೀ ಉಪ್ಪು.
ಹತ್ತಿಯ ಹೊಲಕ್ಕೆ ನೀರು ಅತಿಯಾದರೆ
ಆಳದ ಉಪ್ಪು ಮಣ್ಣಿನ ಕೂದಲೆಳೆ ಕೊಳವೆ ಹಿಡಿದು ಹತ್ತುವುದು,
ನೀರು ಹಾರಿಹೋಗುವುದು, ಉಪ್ಪು ಕೂತುಬಿಡುವುದು,
ಮೊದಲು ಬೇರಿನಲ್ಲಿ, ಆಮೇಲೆ ಬಾವಿಯಲ್ಲಿ,
ಆಮೇಲೆ ಮಕ್ಕಳ ಮೂತ್ರಪಿಂಡದಲ್ಲಿ.
ಬಾಣ, ಬಾಣ, ಬಾಣ. ಎಲ್ಲವೂ ಮೇಲ್ಮುಖ.
ಸರಕಾರದ ಅಂಕಿ ಒಂದು ಸಾಲು, ತಾನು ಅಳೆದದ್ದು ಒಂದು ಸಾಲು.
ನಡುವಿನ ವ್ಯತ್ಯಾಸದ ಕೆಳಗೆ ಗೆರೆ ಎಳೆದಳು,
ಎರಡನೆಯ ಸಲ ಎಳೆಯುವಾಗ ತುಂಡು ಮುರಿಯಿತು.
ಕರವಸ್ತ್ರದ ಡಬ್ಬಿಯಿಂದ ಒಂದೇ ಒಂದು ಹಾಳೆ ಖರ್ಚಾಯಿತು,
ಅದೂ ಬೆರಳು ಒರೆಸಲು.

ಕಿವಿ ಕೆಂಪಾದ ಹುಡುಗನೊಬ್ಬ ಕೈ ಎತ್ತಿದ:
'ನಿಮ್ಮ ಮೇಲೆ ಏನಂತ ಆರೋಪ?'
'ನಾಡಿನ ಉಪ್ಪು ತಿಂದು ಎರಡು ಬಗೆದೆ ಅಂತ.
ತಿಂದಿರಲಿಲ್ಲ, ತೂಗಿದ್ದೆ.'
ನಗಬೇಕೋ ಬೇಡವೋ ತಿಳಿಯದ ಐವತ್ತಾರು ಜನ.
ಕೊನೆಗೆ ಆಕೆಯೇ ನಕ್ಕಳು.
ಸೆರೆಮನೆಯ ಬಗ್ಗೆ ಎರಡು ಮಾತು, ಅಂತ ಇನ್ನೊಬ್ಬರು.
'ಅದು ಸಿಲಬಸ್ಸಿನಲ್ಲಿಲ್ಲ.'

ಹಿಂದಿನ ಸಾಲಿನಲ್ಲಿ ಒಬ್ಬ, ಏನೂ ಬರೆದುಕೊಳ್ಳದವನು,
ಮೊದಲಿನಿಂದಲೂ ಫೋನನ್ನು ಎದೆಮಟ್ಟಕ್ಕೆ ಹಿಡಿದು ಕೂತಿದ್ದ.
ನನ್ನ ಕಣ್ಣು ಅವನ ಮೇಲೇ ಇತ್ತು.
ಆಕೆ ಅವನತ್ತ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು,
ಜೋರಾಗಿ ಅಲ್ಲ.
ಫೋನು ಮಡಿಲಿಗೆ ಇಳಿಯಿತು.

ಬೆಳಿಗ್ಗೆ ಎಂಟಕ್ಕೆ ಅಲ್ಲಿ ತೆರಿಗೆ ಕಾನೂನಿನ ಕ್ಲಾಸು.
ಬೋರ್ಡು ಒರೆಸಲು ಹೋದರೆ ತಡೆದಳು,
ತನ್ನದನ್ನು ತಾನೇ ಒರೆಸಿದಳು, ನಿಧಾನಕ್ಕೆ,
ಬಾಣಗಳನ್ನು, ಎರಡೂ ಸಾಲನ್ನು, ಮೂಲೆಯ ಹದಿನಾಲ್ಕನ್ನು.
ಎರವಲು ಕೋಟಿನ ತೋಳು ಮೊಣಕೈವರೆಗೆ ಬಿಳಿ.

ಮೆಟ್ಟಿಲಿಳಿಯುವಾಗ ತಡೆಯಲಾಗಲಿಲ್ಲ ನನಗೆ:
ಆ ಮನುಷ್ಯನಿಗೆ ಏನಂದಿರಿ?

'ಏನಿಲ್ಲ. ಅಲ್ಲಿಂದ
ಬೋರ್ಡು ಸರಿಯಾಗಿ ಕಾಣುತ್ತದೆಯಾ ಅಂತ.'